ಸೋಶಿಯಲ್ ಸೈಕಾಲಜಿ ಪ್ರಾಜೆಕ್ಟ್: ಗೂಗಲ್ ಫಾರ್ಮ್ ಮಾಡೋಕ್ ಮುಂಚೆ ಏನೇನ್ ಮಾಡ್ಬೇಕು

ಪ್ರತಿ ವರ್ಷ ಪ್ರಾಜೆಕ್ಟ್ ಟೈಮ್ ಬಂತು ಅಂದ್ರೆ ಜೂನಿಯರ್ಸ್ ಮೆಸೇಜ್ ಶುರುವಾಗುತ್ತೆ, ಅಕ್ಕಾ ಟಾಪಿಕ್ ಫೈನಲ್ ಆಯ್ತು, "ಮೊಬೈಲ್ ಮತ್ತು ಯುವಜನತೆ", ಗೂಗಲ್ ಫಾರ್ಮ್ ಮಾಡಿದೀನಿ, ನಿಮ್ ವಾಟ್ಸಾಪ್ ಗ್ರೂಪಲ್ಲಿ ಸ್ವಲ್ಪ ಹಾಕ್ತೀರಾ ಅಂತ. ತೆಗೆದು ನೋಡಿದ್ರೆ ಮೂವತ್ತು ಪ್ರಶ್ನೆ ಇರುತ್ತೆ. ಮೂವತ್ತಕ್ಕೂ ಉತ್ತರ ಬಂತು ಅಂತಾನೇ ಇಟ್ಕೊಳ್ಳಿ, ಆಮೇಲೆ ಏನ್ ಗೊತ್ತಾಗುತ್ತೆ ಅಂತ ಕೇಳಿದ್ರೆ ಆ ಕಡೆಯಿಂದ ಸದ್ದಿಲ್ಲ. ಅವರ ತಪ್ಪಲ್ಲ. ವೇರಿಯಬಲ್ ಅಂದ್ರೇನು, ಸ್ಯಾಂಪಲ್ ಅಂದ್ರೇನು ಅಂತ ಎರಡು ಮಾರ್ಕ್ಸಿಗೆ ಬಾಯಿಪಾಠ ಮಾಡ್ಸಿರ್ತಾರೆ, ಕೆಲಸ ಮಾಡುವಾಗ ಯಾವುದು ಯಾವಾಗ ಕೈಗೆ ಬೇಕಾಗುತ್ತೆ ಅಂತ ಹೇಳ್ಕೊಟ್ಟಿರಲ್ಲ. ಅದಕ್ಕೆ ಇದನ್ನ ಬರೀತಿದೀನಿ, ಯಾವ ಆರ್ಡರಲ್ಲಿ ಹೋಗ್ಬೇಕು, ದಾರೀಲಿ ಯಾವ ಟರ್ಮ್ ಎಲ್ಲಿ ಸಿಗುತ್ತೆ ಅಂತ.

ಮೊದಲು ಟಾಪಿಕ್ಕನ್ನ ಪ್ರಶ್ನೆ ಮಾಡಿ

"ಮೊಬೈಲ್ ಮತ್ತು ಯುವಜನತೆ" ಅನ್ನೋದು ಪ್ರಬಂಧದ ಹೆಸರು, ಪ್ರಶ್ನೆ ಅಲ್ಲ. ಪ್ರಶ್ನೆ ಹೇಗಿರ್ಬೇಕು ಅಂತ ನಾನು ಕಲ್ತಿದ್ದು ನ್ಯೂಯಾರ್ಕಿನ ಒಂದು ಕೇಸ್ ಓದಿ. 1964ರ ಮಾರ್ಚಲ್ಲಿ ಕ್ವೀನ್ಸ್ ಅನ್ನೋ ಕಡೆ ಕಿಟ್ಟಿ ಜಿನೊವೀಸ್ ಅನ್ನೋ ಹೆಣ್ಣುಮಗಳನ್ನ ರಾತ್ರಿ ಮನೆ ಹತ್ರಾನೇ ಕೊಲೆ ಮಾಡಿದ್ರು. 38 ಜನ ನೋಡ್ತಾ ನಿಂತಿದ್ರು, ಒಬ್ರೂ ಏನೂ ಮಾಡ್ಲಿಲ್ಲ ಅಂತ ಪೇಪರಲ್ಲಿ ಬಂತು. ಆ ಲೆಕ್ಕ ಸರಿಯಿಲ್ಲ ಅಂತ ಆಮೇಲೆ ಗೊತ್ತಾಯ್ತು, ಅಷ್ಟು ಜನ ಪೂರ್ತಿ ನೋಡಿರ್ಲೇ ಇಲ್ಲ, ಪಕ್ಕದ್ಮನೆಯವಳೊಬ್ಬಳು ಕೆಳಗೆ ಓಡಿಬಂದು ಅವಳನ್ನ ಹಿಡ್ಕೊಂಡು ಕೂತಿದ್ದಳು. ಆದ್ರೆ ಆಗ ಊರೆಲ್ಲಾ ಆಡ್ಕೊಂಡಿದ್ದು ಒಂದೇ ಮಾತು, ಸಿಟಿ ಜನಕ್ಕೆ ಕರುಳೇ ಇಲ್ಲ ಅಂತ.

ಜಾನ್ ಡಾರ್ಲಿ, ಬಿಬ್ ಲಟಾನೆ ಅಂತ ಇಬ್ರು ಯುವ ಮೇಷ್ಟ್ರುಗಳು ಬೇರೆ ತರ ಕೇಳಿದ್ರು. ಸಿಟಿ ಜನ ಯಾಕೆ ಹೀಗಾದ್ರು ಅಂತಲ್ಲ, ಪಕ್ಕದಲ್ಲಿ ಇನ್ನೂ ಜನ ಇದಾರೆ ಅಂತ ಗೊತ್ತಿದ್ರೆ ಒಬ್ಬ ಮನುಷ್ಯ ಸಹಾಯಕ್ಕೆ ಏಳೋದು ಕಮ್ಮಿಯಾಗುತ್ತಾ ಅಂತ. ಎರಡಕ್ಕೂ ಎಷ್ಟು ವ್ಯತ್ಯಾಸ ನೋಡಿ. ಕರುಳನ್ನ ಅಳೆಯೋಕಾಗಲ್ಲ, ಜನರ ಸಂಖ್ಯೆಯನ್ನ ಒಂದು, ಎರಡು, ಐದು ಅಂತ ನಾವೇ ಬದಲಾಯಿಸ್ಬೋದು, ಮತ್ತೆ ಉತ್ತರ "ಇಲ್ಲ" ಅಂತಾನೂ ಬರ್ಬೋದು. ಈ "ತಪ್ಪಾಗೋಕೂ ಸಾಧ್ಯ ಇರೋ" ಹೇಳಿಕೇನೇ ಹೈಪಾಥಿಸಿಸ್, ನಮ್ಮ ಪಠ್ಯಪುಸ್ತಕದ ಪ್ರಾಕ್ಕಲ್ಪನೆ. ನಾವು ಬದಲಾಯಿಸೋದು, ಅಂದ್ರೆ ಇಲ್ಲಿ ಜನರ ಸಂಖ್ಯೆ, ಇಂಡಿಪೆಂಡೆಂಟ್ ವೇರಿಯಬಲ್. ಅದರಿಂದ ಏನಾಯ್ತು ಅಂತ ನಾವು ಅಳೆಯೋದು, ಅಂದ್ರೆ ಸಹಾಯ, ಡಿಪೆಂಡೆಂಟ್ ವೇರಿಯಬಲ್. ನಿಮ್ಮ ಟಾಪಿಕ್ಕನ್ನ ಒಂದು ಹಾಳೇಲಿ ಈ ತರ ಒಂದೇ ಸಾಲಲ್ಲಿ ಬರೆಯೋಕಾಗೋವರೆಗೂ ಫಾರ್ಮ್ ಮುಟ್ಬೇಡಿ.

ಅಳೆಯೋದು ಏನನ್ನ ಅಂತ ಮುಂಚೇನೇ ಬರ್ಕೊಳ್ಳಿ

ಸಹಾಯ ಅಂತ ಬರೆದ್ರಲ್ಲಾ, ಯಾವುದು ಸಹಾಯ? ಡಾರ್ಲಿ ಮತ್ತೆ ಲಟಾನೆ 1968ರಲ್ಲಿ ಪ್ರಕಟ ಮಾಡಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳನ್ನ ಒಬ್ಬೊಬ್ಬರನ್ನೇ ಬೇರೆ ಬೇರೆ ರೂಮಲ್ಲಿ ಕೂರ್ಸಿ, ಕಾಲೇಜ್ ಜೀವನದ ಕಷ್ಟದ ಬಗ್ಗೆ ಇಂಟರ್‌ಕಾಮಲ್ಲಿ ಮಾತಾಡಿ ಅಂದ್ರು. ಸ್ವಲ್ಪ ಹೊತ್ತಿಗೆ ಆ ಕಡೆಯ ಒಂದು ಧ್ವನಿ ತೊದಲೋಕೆ ಶುರುವಾಯ್ತು, ಫಿಟ್ಸ್ ಬಂದಿದೆ, ಯಾರಾದ್ರೂ ಬನ್ನಿ ಅಂತ. ಅದು ಮೊದಲೇ ರೆಕಾರ್ಡ್ ಮಾಡಿದ್ದ ಧ್ವನಿ. ಇಲ್ಲಿ ಸಹಾಯ ಅಂದ್ರೆ ಒಂದೇ ಒಂದು, ಆ ವಿದ್ಯಾರ್ಥಿ ರೂಮಿಂದ ಎದ್ದು ಹೊರಗೆ ಬಂದು ವಿಷಯ ಹೇಳಿದ್ರಾ, ಹೇಳಿದ್ರೆ ಎಷ್ಟನೇ ಸೆಕೆಂಡಿಗೆ. ಇದಕ್ಕೇ ಆಪರೇಶನಲ್ ಡೆಫಿನಿಶನ್ ಅನ್ನೋದು. ಕೇಳಿಸ್ಕೊಳ್ತಿರೋದು ನಾನೊಬ್ಬನೇ ಅಂದ್ಕೊಂಡಿದ್ದವರಲ್ಲಿ ಆ ಧ್ವನಿ ನಿಲ್ಲೋದ್ರೊಳಗೆ ಎದ್ದವರು 85 ಪರ್ಸೆಂಟ್, ಇನ್ನೊಬ್ರು ಕೇಳ್ತಿದಾರೆ ಅಂದ್ಕೊಂಡವರಲ್ಲಿ 62, ಇನ್ನೂ ನಾಲ್ಕು ಜನ ಇದಾರೆ ಅಂದ್ಕೊಂಡವರಲ್ಲಿ 31. ಮತ್ತೆ ಏಳದೇ ಕೂತಿದ್ದವರಿಗೆ ಕರುಳಿರ್ಲಿಲ್ಲ ಅಂತಲ್ಲ, ಆಮೇಲೆ ಒಳಗೆ ಹೋಗಿ ನೋಡಿದ್ರೆ ಕೆಲವರ ಕೈ ನಡುಗ್ತಿತ್ತು, ಅಂಗೈ ಬೆವತಿತ್ತು ಅಂತ ಬರ್ದಿದಾರೆ. ನನಗೆ ಈ ಪ್ರಯೋಗದಲ್ಲಿ ಎಲ್ಲಕ್ಕಿಂತ ಬೆಲೆಬಾಳೋ ಸಾಲು ಅದೇ.

ನಮ್ಮದೇ ಕಥೆ ಹೇಳ್ತೀನಿ. ನಾನೂ ನನ್ನ ಫ್ರೆಂಡೂ ಬಸ್ ಸ್ಟಾಪಲ್ಲಿ ಮಾಡಿದ ಸಣ್ಣ ಪ್ರಾಜೆಕ್ಟದು, ಇನ್ನೊಬ್ಬಳು ಪೇಪರ್ ಕಟ್ಟು ಬೀಳಿಸ್ಬೇಕು, ನಾವಿಬ್ರು ದೂರ ನಿಂತು ಯಾರು ಸಹಾಯ ಮಾಡ್ತಾರೆ ಅಂತ ಬೇರೆ ಬೇರೆಯಾಗಿ ಟಿಕ್ ಹಾಕ್ಬೇಕು. ಮೂರನೇ ಸಲ ಬೀಳಿಸ್ದಾಗ ಗಾಳಿ ಜೋರಾಗಿತ್ತು. ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡ್ಕೊಂಡಿದ್ದ ಒಬ್ಬರು ಆಂಟಿ ಬಗ್ಲಿಲ್ಲ, ಎತ್ಕೊಡ್ಲಿಲ್ಲ, ಚಪ್ಪಲಿ ಕಳಚಿ ಬರಿಗಾಲಲ್ಲಿ ಹಾಳೆ ಹಾರ್ದಂಗೆ ಮೆಟ್ಕೊಂಡು ನಿಂತ್ರು, ಇವಳು ಬಂದು ತೆಗೆದುಕೊಳ್ಳೋವರೆಗೂ. ನಾನು "ಹೌದು" ಅಂತ ಟಿಕ್ ಹಾಕಿದ್ದೆ, ಫ್ರೆಂಡು "ಇಲ್ಲ" ಅಂತ. ನಮ್ಮ ಡೆಫಿನಿಶನ್ನಲ್ಲಿ ಇದ್ದಿದ್ದು "ಹೆಕ್ಕಿಕೊಡುವುದು" ಅಂತ ಒಂದೇ ಪದ. ಅವತ್ತು ಸಂಜೆ ಕೂತು ಮತ್ತೆ ಬರೆದ್ವಿ: ಮುಟ್ಟಿದ್ರೂ, ತಡೆದ್ರೂ, "ರೀ ನಿಮ್ ಪೇಪರ್ ಬಿತ್ತು" ಅಂತ ಕೂಗಿ ಹೇಳಿದ್ರೂ ಸಹಾಯಾನೇ, ಬರೀ ತಿರುಗಿ ನೋಡಿದ್ರೆ ಅಲ್ಲ. ಹಳೇ ಹಾಳೆಯ ಲೆಕ್ಕ ಪೂರ್ತಿ ಬಿಟ್ಟು ಹೊಸದಾಗಿ ಶುರು ಮಾಡಿದ್ವಿ. ನೋಡೋ ಇಬ್ಬರಿಗೂ ಒಂದೇ ತರ ಕಾಣುತ್ತಾ ಅನ್ನೋದು ರಿಲಯಬಿಲಿಟಿಯ ಒಂದು ಬಗೆ, ಅಂದ್ರೆ ವಿಶ್ವಾಸಾರ್ಹತೆ. ಕಾಣ್ತಿರೋದು ನಿಜಕ್ಕೂ ನಾವು ಹುಡುಕ್ತಿರೋದೇನಾ ಅನ್ನೋದು ವ್ಯಾಲಿಡಿಟಿ, ಸಿಂಧುತ್ವ ಅಂತಾರೆ. ಇಬ್ಬರೂ ಒಂದೇ ತರ ತಪ್ಪು ಎಣಿಸ್ತಿದ್ರೆ ರಿಲಯಬಿಲಿಟಿ ಇರುತ್ತೆ, ವ್ಯಾಲಿಡಿಟಿ ಇರಲ್ಲ, ಇದನ್ನ ವೈವಾದಲ್ಲಿ ಕೇಳೇ ಕೇಳ್ತಾರೆ.

ವಿಧಾನ ಯಾವುದು ಅಂತ ಪ್ರಶ್ನೇನೇ ಹೇಳುತ್ತೆ

ಜನ ಏನ್ ಮಾಡ್ತಾರೆ ಅಂತ ತಿಳಿಬೇಕಾದ್ರೆ ನೋಡ್ಬೇಕು, ಏನ್ ಅಂದ್ಕೊಂಡಿದಾರೆ ಅಂತ ತಿಳಿಬೇಕಾದ್ರೆ ಕೇಳ್ಬೇಕು, ಯಾವುದರಿಂದ ಏನಾಯ್ತು ಅಂತ ತಿಳಿಬೇಕಾದ್ರೆ ಪ್ರಯೋಗಾನೇ ಮಾಡ್ಬೇಕು. ಇಷ್ಟೇ ಮೂಲ.

ನಮ್ಮ ದೇಶದಲ್ಲಿ ಆದ ಒಂದು ಕೆಲಸ ಹೇಳ್ತೀನಿ, ಯಾಕಂದ್ರೆ ಇದನ್ನ ಕ್ಲಾಸಲ್ಲಿ ಹೇಳೋದೇ ಕಮ್ಮಿ. 1934ರ ಜನವರಿ 15ಕ್ಕೆ ಬಿಹಾರದಲ್ಲಿ ದೊಡ್ಡ ಭೂಕಂಪ ಆಯ್ತು. ಜಮುನಾ ಪ್ರಸಾದ್ ಅನ್ನೋ ಮನಶ್ಶಾಸ್ತ್ರಜ್ಞರು ಆಗ ಜನರ ಬಾಯಲ್ಲಿ ಓಡಾಡ್ತಿದ್ದ ಗಾಳಿಸುದ್ದಿಗಳನ್ನ ಒಂದೊಂದಾಗಿ ಬರ್ಕೊಂಡ್ರು. ವಿಚಿತ್ರ ಏನಂದ್ರೆ ನೆಲ ನಡುಗಿದ್ದು ಗೊತ್ತಾಗಿ ಹಾನಿ ಏನೂ ಆಗದೇ ಇದ್ದ ಕಡೆ, ಇದಕ್ಕಿಂತ ದೊಡ್ಡ ಅನಾಹುತ ಬರುತ್ತೆ ಅನ್ನೋ ಸುದ್ದಿಗಳೇ ಜಾಸ್ತಿ ಹಬ್ಬಿದ್ವು. ಬದುಕಿ ಉಳಿದೋರು ಭಯ ಹೆಚ್ಚಿಸೋ ಮಾತನ್ನ ಯಾಕೆ ನಂಬ್ತಾರೆ? ಈ ಒಗಟೇ ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್‌ನ ತಲೆಗೆ ಹೊಕ್ಕಿ, ಜನ ಭಯ ಪಟ್ಟಾಗಿದೆ, ಆ ಭಯಕ್ಕೆ ಒಂದು ಕಾರಣ ಬೇಕಾಗಿದೆ ಅಂತ ಯೋಚನೆ ಮಾಡ್ತಾ ಹೋಗಿ 1957ರ ಕಾಗ್ನಿಟಿವ್ ಡಿಸೊನೆನ್ಸ್ ಸಿದ್ಧಾಂತ ಹುಟ್ತು, ಒಳಗಿರೋ ಎರಡು ವಿಷಯ ಒಂದಕ್ಕೊಂದು ಹೊಂದದಿದ್ರೆ ಮನಸ್ಸು ಹೇಗಾದ್ರೂ ಹೊಂದಿಸೋಕೆ ನೋಡುತ್ತೆ ಅಂತ. ಬರೀ ಕಿವಿಗೊಟ್ಟು ಕೇಳಿ ಬರ್ಕೊಂಡಿದ್ದ ಕೆಲಸದಿಂದ. ಅದಕ್ಕೇ ಲ್ಯಾಬ್ ಇಲ್ಲ ಅಂತ ಯಾರೂ ಬೇಜಾರು ಮಾಡ್ಕೊಬೇಡಿ.

ಇನ್ನು ಕೇಳೋದ್ರಲ್ಲಿರೋ ಅಪಾಯ. 1930ರ ದಶಕದಲ್ಲಿ ಅಮೆರಿಕದಲ್ಲಿ ಚೀನೀಯರ ಮೇಲೆ ದ್ವೇಷ ಜಾಸ್ತಿ ಇತ್ತು. ಅಲ್ಲಿನ ಬಿಳಿಯ ಸಮಾಜಶಾಸ್ತ್ರಜ್ಞ ರಿಚರ್ಡ್ ಲಪಿಯರ್ ಒಬ್ಬ ಚೀನೀ ಯುವಕ ಮತ್ತೆ ಅವನ ಹೆಂಡತಿ ಜೊತೆ ದೇಶ ಸುತ್ತಿ 251 ಹೋಟೆಲು, ಲಾಡ್ಜುಗಳಿಗೆ ಹೋದ, ಒಳಗೆ ಬಿಡಲ್ಲ ಅಂದಿದ್ದು ಒಂದೇ ಒಂದು ಕಡೆ. ಆಮೇಲೆ ಅದೇ ಜಾಗಗಳಿಗೆ ಕಾಗದ ಬರೆದು ಚೀನೀಯರಿಗೆ ಜಾಗ ಕೊಡ್ತೀರಾ ಅಂತ ಕೇಳಿದ್ರೆ, ಉತ್ತರ ಬಂದ 128ರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ "ಇಲ್ಲ". 1934ರ ಈ ಲೇಖನವನ್ನ ಜನ ಹೇಳೋದೊಂದು ಮಾಡೋದೊಂದು ಅನ್ನೋದಕ್ಕೆ ಎಲ್ಲರೂ ಉದಾಹರಣೆ ಕೊಡ್ತಾರೆ. ಆದ್ರೆ ನೀವು ಇದರಲ್ಲಿ ತಪ್ಪು ಹುಡುಕೋದನ್ನೂ ಕಲೀರಿ: ಕೌಂಟರಲ್ಲಿ ನಿಂತಿದ್ದವರೇ ಕಾಗದಕ್ಕೂ ಉತ್ತರ ಬರೆದ್ರು ಅಂತ ಹೇಗೆ ಗೊತ್ತು? ಜೊತೆಗೆ ಬಿಳಿಯನೊಬ್ಬ ನಿಂತಿದ್ದ ಅನ್ನೋದೇ ಅವರ ಮನಸ್ಸು ಬದಲಾಯಿಸಿರ್ಬೋದಲ್ವಾ? ಈ ತರ ಒಳಗೆ ನುಸುಳಿ ಲೆಕ್ಕ ಕೆಡಿಸೋ ಇನ್ನೊಂದು ಕಾರಣವನ್ನ ಕನ್‌ಫೌಂಡ್ ಅಂತಾರೆ.

ಸಂಬಂಧ ಇದೆ ಅನ್ನೋದೂ ಕಾರಣ ಅನ್ನೋದೂ ಒಂದೇ ಅಲ್ಲ, ಇದನ್ನ ಎಲ್ಲರೂ ಹೇಳ್ತಾರೆ, ಎಲ್ಲರೂ ರಿಪೋರ್ಟಲ್ಲಿ ಮರೀತಾರೆ. ವಾಟ್ಸಾಪ್ ಜಾಸ್ತಿ ನೋಡೋ ಹುಡುಗರಿಗೆ ಒಂಟಿತನ ಜಾಸ್ತಿ ಅಂತ ಕೋರಿಲೇಶನ್ ಬಂತು ಅನ್ಕೊಳ್ಳಿ. ಒಂಟಿತನಕ್ಕೇ ವಾಟ್ಸಾಪ್ ನೋಡ್ತಿರ್ಬೋದು, ಇಲ್ಲಾಂದ್ರೆ ಮೊದಲನೇ ಸಲ ಊರು ಬಿಟ್ಟು ಹಾಸ್ಟೆಲ್ಲಿಗೆ ಬಂದಿದ್ದೇ ಎರಡಕ್ಕೂ ಕಾರಣ ಆಗಿರ್ಬೋದು. ಸರ್ವೆ ಮಾಡಿದ್ರೆ "ಪರಿಣಾಮ", "ಪ್ರಭಾವ" ಅನ್ನೋ ಪದಗಳನ್ನ ಟೈಟಲ್ಲಿಂದಾನೇ ತೆಗೀರಿ, "ಸಂಬಂಧ" ಅಂತ ಹಾಕಿ.

ಚೀಟಿ ಎತ್ತೋದನ್ನ ಸಸಾರ ಮಾಡ್ಬೇಡಿ

ಜಾಸ್ತಿ ಜನ ಎಡವೋದು ಇಲ್ಲೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ರ‍್ಯಾಂಡಮ್ ಸ್ಯಾಂಪ್ಲಿಂಗ್ ಬೇರೆ, ರ‍್ಯಾಂಡಮ್ ಅಸೈನ್‌ಮೆಂಟ್ ಬೇರೆ. ಕಾಲೇಜಿನ ಎರಡು ಸಾವಿರ ವಿದ್ಯಾರ್ಥಿಗಳ ಪಟ್ಟಿಯಿಂದ ಪ್ರತಿಯೊಬ್ಬರಿಗೂ ಸಮಾನ ಅವಕಾಶ ಇರೋ ಹಾಗೆ ನೂರು ಜನರನ್ನ ಆರಿಸೋದು ಸ್ಯಾಂಪ್ಲಿಂಗ್, ಅದರಿಂದ ಬಂದ ಉತ್ತರವನ್ನ ಪೂರ್ತಿ ಕಾಲೇಜಿಗೆ ಅನ್ವಯಿಸ್ಬೋದು. ಸಿಕ್ಕಿದ ನಲವತ್ತು ಜನರನ್ನ ಚೀಟಿ ಎತ್ತಿ ಎರಡು ಗುಂಪು ಮಾಡೋದು ಅಸೈನ್‌ಮೆಂಟ್, ಇದರಿಂದ ಕಾರಣ ಯಾವುದು ಅಂತ ಹೇಳ್ಬೋದು. ವಾಟ್ಸಾಪ್ ಗ್ರೂಪಲ್ಲಿ ಲಿಂಕ್ ಹಾಕಿ ಬಂದ ಉತ್ತರ ಎರಡೂ ಅಲ್ಲ, ಅದು ಕನ್ವೀನಿಯನ್ಸ್ ಸ್ಯಾಂಪಲ್, ಅಂದ್ರೆ ಸುಲಭವಾಗಿ ಕೈಗೆ ಸಿಕ್ಕವರು, ಹಾಗಂತಾನೇ ರಿಪೋರ್ಟಲ್ಲಿ ಬರೀರಿ. "ರ‍್ಯಾಂಡಮ್ ಆಗಿ ಆಯ್ಕೆ ಮಾಡಲಾಯಿತು" ಅಂತ ಬರೆದ್ರೆ ಅದು ಸುಳ್ಳು.

ಚೀಟಿ ಯಾಕೆ ಬೇಕು ಅಂದ್ರೆ, ಮೊದಲು ಬಂದ ಇಪ್ಪತ್ತು ಜನ ಒಂದು ಗುಂಪು, ಆಮೇಲೆ ಬಂದೋರು ಇನ್ನೊಂದು ಅಂತ ಮಾಡಿದ್ರೆ, ಟೈಮಿಗೆ ಸರಿಯಾಗಿ ಬರೋ ಸ್ವಭಾವದವರೆಲ್ಲಾ ಒಂದೇ ಕಡೆ ಸೇರ್ಕೊಳ್ತಾರೆ. ಇಪ್ಪತ್ತು ಚೀಟೀಲಿ ಅ, ಇಪ್ಪತ್ತರಲ್ಲಿ ಬ ಅಂತ ಬರೆದು, ಒಂದೇ ಸೈಜಿಗೆ ಮಡಚಿ, ಸ್ಟೀಲ್ ಡಬ್ಬೀಲಿ ಹಾಕಿ ಚೆನ್ನಾಗಿ ಕುಲುಕಿ, ಬಂದವರ ಕೈಯಲ್ಲೇ ಎತ್ತಿಸಿ. ಆಗ ಸ್ವಭಾವ, ಓದು, ಮನೆ ಕಷ್ಟ, ಬೆಳಿಗ್ಗೆ ತಿಂಡಿ ತಿಂದಿದ್ದು ಬಿಟ್ಟಿದ್ದು ಎಲ್ಲಾ ಯಾವುದೋ ಒಂದೇ ಗುಂಪಿಗೆ ವಾಲದೆ ಹಂಚ್ಕೊಳ್ಳುತ್ತೆ. ಏನೂ ಬದಲಾವಣೆ ಮಾಡದೆ ಹೋಲಿಕೆಗೆ ಅಂತ ಇಟ್ಕೊಳ್ಳೋ ಗುಂಪು ಕಂಟ್ರೋಲ್ ಗ್ರೂಪ್.

ಬದಲಾಯಿಸೋದು ಎಷ್ಟು ಸಣ್ಣದಿದ್ರೆ ಅಷ್ಟು ಒಳ್ಳೇದು. ಪ್ರಿನ್ಸ್‌ಟನ್ನಲ್ಲಿ ಪಾದ್ರಿಗಳಾಗೋಕೆ ಓದ್ತಿದ್ದ 40 ವಿದ್ಯಾರ್ಥಿಗಳ ಮೇಲೆ ಡಾರ್ಲಿ ಮತ್ತೆ ಬ್ಯಾಟ್ಸನ್ 1973ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಪಕ್ಕದ ಬಿಲ್ಡಿಂಗಿಗೆ ಹೋಗಿ ಭಾಷಣ ಮಾಡಿ ಅಂತ ಕಳಿಸೋದು, ದಾರೀಲಿ ಒಬ್ಬ ಕೆಮ್ಮುತ್ತಾ ನರಳ್ತಾ ಕುಸಿದು ಕೂತಿರ್ತಾನೆ. ಕಳಿಸುವಾಗ ಹೇಳೋ ಒಂದು ಮಾತು ಮಾತ್ರ ಬೇರೆ ಬೇರೆ: ಕೆಲವರಿಗೆ ಇನ್ನೂ ಟೈಮಿದೆ ಅಂತ, ಕೆಲವರಿಗೆ ಸರಿಯಾಗಿ ಟೈಮಾಯ್ತು ಅಂತ, ಕೆಲವರಿಗೆ ಆಗಲೇ ಲೇಟಾಯ್ತು ಕಾಯ್ತಿದಾರೆ ಅಂತ. ಸಹಾಯ ಮಾಡಿದವರು 63, 45, 10 ಪರ್ಸೆಂಟ್. ಅರ್ಧದಷ್ಟು ಜನಕ್ಕೆ ಕೊಟ್ಟಿದ್ದ ಭಾಷಣದ ವಿಷಯ ಬೈಬಲ್ಲಲ್ಲಿ ದಾರೀಲಿ ಬಿದ್ದವನಿಗೆ ಸಹಾಯ ಮಾಡಿದ ಸಮಾರ್ಯದವನ ಕಥೇನೇ, ಅದರಿಂದ ಹೇಳ್ಕೊಳ್ಳೋವಷ್ಟು ವ್ಯತ್ಯಾಸ ಕಾಣ್ಲಿಲ್ಲ.

ಪ್ರಶ್ನಾವಳಿ ಮಾಡ್ತೀರಾದ್ರೆ ಕನ್ನಡದಲ್ಲೇ ಯೋಚನೆ ಮಾಡಿ

ರೆನ್ಸಿಸ್ ಲಿಕರ್ಟ್ 1932ರಲ್ಲಿ ತಂದ ಸ್ಕೇಲ್ ನಿಮಗೆ ಗೊತ್ತೇ ಇದೆ, ಪೂರ್ತಿ ಒಪ್ತೀನಿ ಅನ್ನೋದ್ರಿಂದ ಹಿಡಿದು ಸ್ವಲ್ಪಾನೂ ಒಪ್ಪಲ್ಲ ಅನ್ನೋವರೆಗೆ ಐದು ಮನೆ. ಇಂಗ್ಲಿಷ್ ಸ್ಕೇಲನ್ನ ತರ್ಜುಮೆ ಮಾಡಿ "ಒಪ್ಪುವುದೂ ಇಲ್ಲ ಒಪ್ಪದಿರುವುದೂ ಇಲ್ಲ" ಅಂತ ಹಾಕಿದೀವಲ್ಲಾ, ಅದನ್ನ ಯಾರ ಮನೇಲಾದ್ರೂ ಓದಿ ಹೇಳಿ ನೋಡಿ. ಹಾಸನದ ಕಡೆ ಒಂದು ಹಳ್ಳೀಲಿ ಜಗಲಿ ಮೇಲೆ ಅವರೆಕಾಯಿ ಬಿಡಿಸ್ತಾ ಕೂತಿದ್ದ ಒಬ್ಬರು ಅಜ್ಜಿ ನನ್ನ ಮುಖಾನೇ ನೋಡಿ "ಒಪ್ಪಿದ್ರೆ ಒಪ್ದಂಗೆ, ಇಲ್ದಿದ್ರೆ ಇಲ್ಲ, ಇದೇನವ್ವ ನಡುವೆ ಐದು?" ಅಂದ್ರು. ನಾನು ಅವರ ಮೊರದಿಂದಾನೇ ಐದು ಕಾಳು ತಗೊಂಡು ಮುಂದಿಟ್ಟೆ. ಈ ಮಾತು ಪೂರ್ತಿ ಸರಿ ಅನ್ಸಿದ್ರೆ ಐದೂ ನನ್ನ ಕಡೆ ತಳ್ಳಿ ಅಜ್ಜಿ, ಒಂಚೂರು ಸರಿ ಅನ್ಸಿದ್ರೆ ಎರಡೋ ಮೂರೋ ಅಂದೆ. ಆಮೇಲೆ ಹನ್ನೆರಡು ಪ್ರಶ್ನೆ ಸರಸರ ಮುಗೀತು, ಒಂದು ಕಡೆ ಮೂರು ತಳ್ಳಿ ಯೋಚಿಸಿ ಒಂದನ್ನ ವಾಪಸ್ ಎಳ್ಕೊಂಡ್ರು. ಕಾಳು ಉಪಯೋಗಿಸಿದ್ರೆ ಎಲ್ಲರಿಗೂ ಅದನ್ನೇ ಉಪಯೋಗಿಸಿ, ಒಬ್ಬರಿಗೆ ಕಾಳು ಒಬ್ಬರಿಗೆ ಟಿಕ್ ಮಾರ್ಕ್ ಅಂದ್ರೆ ಹೋಲಿಸೋಕಾಗಲ್ಲ.

ತರ್ಜುಮೆ ಸರಿಯಾಗಿದ್ಯಾ ಅಂತ ನೋಡೋಕೆ ಬ್ಯಾಕ್ ಟ್ರಾನ್ಸ್‌ಲೇಶನ್ ಮಾಡಿ: ನೀವು ಕನ್ನಡಕ್ಕೆ ತಂದಿದ್ದನ್ನ, ಮೂಲ ನೋಡಿಲ್ಲದ ಇನ್ನೊಬ್ಬರ ಕೈಲಿ ವಾಪಸ್ ಇಂಗ್ಲಿಷಿಗೆ ಮಾಡ್ಸಿ. ಸೆಲ್ಫ್ ಎಸ್ಟೀಮನ್ನ ಸ್ವಾಭಿಮಾನ ಅಂತ ಮಾಡಿದ್ರೆ ವಾಪಸ್ ಬರುವಾಗ ಸೆಲ್ಫ್ ರೆಸ್ಪೆಕ್ಟ್ ಆಗಿರುತ್ತೆ, "ಸ್ವಾಭಿಮಾನಿ, ಯಾರ ಮುಂದೇನೂ ಕೈ ಚಾಚಲ್ಲ" ಅನ್ನೋ ಅರ್ಥ. ನೀವು ಕೇಳ್ಬೇಕಂತಿದ್ದಿದ್ದು "ನನ್ನ ಬಗ್ಗೆ ನನಗೆ ಒಳ್ಳೇ ಭಾವನೆ ಇದ್ಯಾ" ಅಂತ.

ಇನ್ನೆರಡು ಮಾತು. ನಮ್ಮಲ್ಲಿ ಮನೆಗೆ ಬಂದ ಓದಿದ ಹುಡುಗೀನ ಬೇಜಾರು ಮಾಡ್ಬಾರ್ದು ಅಂತ ಎಲ್ಲದಕ್ಕೂ "ಹೂಂ ಕಣವ್ವಾ" ಅಂತಾರೆ, ಅದಕ್ಕೆ ಅರ್ಧದಷ್ಟು ವಾಕ್ಯಗಳನ್ನ ಉಲ್ಟಾ ಅರ್ಥದಲ್ಲಿ ಹಾಕಿ, ಎಲ್ಲದಕ್ಕೂ ಹೂಂ ಅಂದವರು ಆಗ ಗೊತ್ತಾಗ್ತಾರೆ. ಮತ್ತೆ "ನೀವು ಜಾತಿ ನೋಡ್ತೀರಾ" ಅಂತ ಕೇಳಿದ್ರೆ ನೋಡ್ತೀನಿ ಅಂತ ಯಾರ್ ಹೇಳ್ತಾರೆ? ಒಳ್ಳೆಯವರಾಗಿ ಕಾಣ್ಬೇಕು ಅನ್ನೋ ಈ ಎಳೆತ ಸೋಶಿಯಲ್ ಡಿಸೈರೆಬಿಲಿಟಿ. "ಹೋದ ತಿಂಗಳು ನಿಮ್ಮನೆ ಅಡುಗೆಮನೆ ಒಳಗೆ ಬಂದ ಹೊರಗಿನವರು ಯಾರ್ಯಾರು" ಅಂತ ನಡೆದಿದ್ದನ್ನ ಕೇಳಿ, ನಿಜ ಹೊರಗೆ ಬರುತ್ತೆ. ಎಲ್ಲಾ ಆದ್ಮೇಲೆ ಐದಾರು ಜನರ ಹತ್ರ ಪೈಲಟ್, ಅಂದ್ರೆ ಒಂದು ಟ್ರಯಲ್, ಮಾಡ್ದೆ ಫಾರ್ಮ್ ಹಂಚ್ಲೇಬೇಡಿ.

ನಿಮ್ಮ ಮುಖ, ನಿಮ್ಮ ಆಸೆ

ಮಾರ್ಟಿನ್ ಓರ್ನ್ 1962ರಲ್ಲಿ ಡಿಮ್ಯಾಂಡ್ ಕ್ಯಾರೆಕ್ಟರಿಸ್ಟಿಕ್ಸ್ ಬಗ್ಗೆ ಬರೆದ, ಭಾಗವಹಿಸೋರು ನಿಮಗೇನು ಬೇಕು ಅಂತ ಊಹಿಸಿ ಅದನ್ನೇ ಕೊಡ್ತಾರೆ ಅಂತ. ನಮ್ಮ ಕಡೆಯಿಂದಾನೂ ತಪ್ಪಾಗುತ್ತೆ. ರಾಬರ್ಟ್ ರೋಸೆಂಥಾಲ್ ತನ್ನ ವಿದ್ಯಾರ್ಥಿಗಳಿಗೆ ಮಾಮೂಲಿ ಇಲಿಗಳನ್ನೇ ಕೊಟ್ಟು ಕೆಲವರಿಗೆ ಇವು ಚುರುಕು, ಕೆಲವರಿಗೆ ಇವು ಮಂದ ಅಂದಿದ್ದ, ಚುರುಕು ಅಂತ ಕೇಳಿದ್ದವರ ಇಲಿಗಳೇ ದಾರಿ ಬೇಗ ಕಲ್ತ್ವು. ಅದಕ್ಕೆ ಯಾರು ಯಾವ ಗುಂಪು ಅಂತ ಗೊತ್ತಿಲ್ಲದ ಫ್ರೆಂಡ್ ಕೈಲಿ ಅಳತೆ ಮಾಡ್ಸಿ, ಇದೇ ಬ್ಲೈಂಡ್.

ಒಪ್ಪಿಗೆ

1960ರ ದಶಕದ ಶುರೂಲಿ ಯೇಲ್‌ನಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಮಾಡಿದ ಪ್ರಯೋಗದಲ್ಲಿ ಪ್ರಯೋಗ ಮಾಡೋನು ಮುಂದುವರಿಸಿ ಅಂದಿದ್ದಕ್ಕೆ 40 ಜನರಲ್ಲಿ 26 ಜನ ಇನ್ನೊಬ್ಬನಿಗೆ 450 ವೋಲ್ಟ್ ಶಾಕ್ ಕೊಡ್ತಿದೀವಿ ಅಂತ ನಂಬ್ಕೊಂಡೇ ಕೊನೇ ಸ್ವಿಚ್ ಒತ್ತಿದ್ರು. ಶಾಕ್ ಸುಳ್ಳು, ಅವರು ಬೆವತು ನಡುಗಿದ್ದು ಸುಳ್ಳಲ್ಲ. ಓದೋವಾಗ ಎಲ್ಲರಿಗೂ ಆ ಪರ್ಸೆಂಟೇಜ್ ನೆನಪಿರುತ್ತೆ, ಆ ನಲವತ್ತು ಜನ ಮನೆಗೆ ಹೇಗೆ ಹೋದ್ರು ಅನ್ನೋದನ್ನ ನೆನೆಸ್ಕೊಳ್ಳಿ. ಸ್ಟ್ಯಾನ್‌ಫೋರ್ಡಲ್ಲಿ ವಿದ್ಯಾರ್ಥಿಗಳನ್ನೇ ಕೈದಿಗಳು, ಕಾವಲುಗಾರರು ಅಂತ ಮಾಡಿದ 1971ರ ಜೈಲಿನ ಪ್ರಯೋಗ ಎರಡು ವಾರಕ್ಕೆ ಅಂತ ಶುರುವಾಗಿ ಆರೇ ದಿನಕ್ಕೆ ನಿಲ್ಲಿಸ್ಬೇಕಾಯ್ತು.

ನಿಮ್ಮ ಪ್ರಾಜೆಕ್ಟಲ್ಲಿ ಒಪ್ಪಿಗೆ ಪತ್ರ ಕನ್ನಡದಲ್ಲಿ, ಅರ್ಧ ಪುಟ ಇರ್ಲಿ: ಏನ್ ಕೇಳ್ತೀವಿ, ಎಷ್ಟು ಹೊತ್ತು, ಯಾವಾಗ ಬೇಕಾದ್ರೂ ಎದ್ದು ಹೋಗ್ಬೋದು, ಹೆಸರು ಎಲ್ಲೂ ಬರಲ್ಲ. 18 ತುಂಬದವರಾದ್ರೆ ಅಪ್ಪ ಅಮ್ಮನ ಸಹೀನೂ ಬೇಕು. ಗೂಗಲ್ ಫಾರ್ಮಲ್ಲಿ ಇಮೇಲ್ ತಗೊಳ್ಳೋ ಸೆಟ್ಟಿಂಗ್ ಆಫ್ ಮಾಡಿ, ಫೋನ್ ನಂಬರ್ ಯಾಕೆ ಬೇಕು ನಿಮಗೆ? ಏನನ್ನಾದ್ರೂ ಮುಚ್ಚಿಟ್ಟು ಮಾಡೋದಾದ್ರೆ ಗೈಡ್ ಮತ್ತೆ ಕಾಲೇಜಿನ ಎಥಿಕ್ಸ್ ಕಮಿಟಿ ಒಪ್ಪಿಗೆ ಮೊದಲು ತಗೊಳ್ಳಿ, ಮುಗಿದ್ಮೇಲೆ ಕೂರ್ಸಿ ಎಲ್ಲಾ ಬಿಡಿಸಿ ಹೇಳಿ. ಅದು ಡಿಬ್ರೀಫಿಂಗ್. ಬಸ್ ಸ್ಟಾಪಿನ ಆ ಆಂಟಿಗೆ ನಾವು ಹೇಳಿದ್ವಿ, "ಅಯ್ಯೋ ಓದೋ ಮಕ್ಳಾ" ಅಂತ ನಕ್ಕು ಬಸ್ ಹತ್ತಿದ್ರು.

ಲೆಕ್ಕ

ಪಿ ವ್ಯಾಲ್ಯೂ ಅಂದ್ರೆ ನಿಮ್ಮ ಹೈಪಾಥಿಸಿಸ್ ನಿಜ ಆಗಿರೋ ಸಾಧ್ಯತೆ ಅಲ್ಲ. ನಿಜಕ್ಕೂ ವ್ಯತ್ಯಾಸವೇ ಇಲ್ಲ ಅಂತ ಇಟ್ಕೊಂಡ್ರೆ, ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣ್ಸೋ ಸಾಧ್ಯತೆ ಎಷ್ಟು ಅಂತ. 0.05ಕ್ಕಿಂತ ಕಮ್ಮಿ ಬಂದ್ರೆ ಗಣನೀಯ ಅಂತೀವಿ, ಆದ್ರೆ ಇಪ್ಪತ್ತು ಕಡೆ ಹುಡುಕಿದ್ರೆ ಏನೂ ಇಲ್ದಿದ್ರೂ ಸರಾಸರಿ ಒಂದು ಕಡೆ ಅದು ಬಂದೇ ಬರುತ್ತೆ. ಅದಕ್ಕೆ ಯಾವ ಹೋಲಿಕೆ ಮಾಡ್ತೀನಿ ಅಂತ ಡೇಟಾ ನೋಡೋಕ್ ಮುಂಚೇನೇ ಬರೆದು ತಾರೀಖು ಹಾಕಿ ಗೈಡಿಗೆ ಕೊಡಿ, ಪ್ರೀರಿಜಿಸ್ಟ್ರೇಶನ್ ಅನ್ನೋದು ಇದೇ. ಈ ಶಿಸ್ತು ಬಂದಿದ್ದು ಪೆಟ್ಟು ತಿಂದ್ಮೇಲೆ. 1972ರಲ್ಲಿ ಐಸೆನ್ ಮತ್ತೆ ಲೆವಿನ್ ಅನ್ನೋರು ಫೋನ್ ಬೂತಲ್ಲಿ ಚಿಲ್ಲರೆ ಕಾಸು ಸಿಕ್ಕಿದ 16 ಜನರಲ್ಲಿ 14 ಜನ ಬಿದ್ದ ಪೇಪರ್ ಎತ್ಕೊಟ್ರು, ಸಿಗದ 25ರಲ್ಲಿ ಒಬ್ಬರೇ ಅಂತ ತೋರ್ಸಿದ್ರು. ಕೇಳೋಕೆ ಎಷ್ಟು ಚೆನ್ನಾಗಿದೆ, ಆದ್ರೆ ಬೇರೆಯವರು ಮತ್ತೆ ಮಾಡಿದಾಗ ಹಾಗೆ ಬರ್ಲಿಲ್ಲ. 2015ರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನ ಮತ್ತೆ ಮಾಡಿ ನೋಡಿದ್ರೆ ಗಣನೀಯ ಫಲಿತಾಂಶ ಬಂದಿದ್ದು 36 ಪರ್ಸೆಂಟಲ್ಲಿ ಮಾತ್ರ.

ಇನ್ನೂ ಒಂದು, ಇಲ್ಲಿ ಹೇಳಿದ ಪ್ರಯೋಗಗಳಲ್ಲಿ ಜಾಸ್ತಿ ಅಮೆರಿಕದವರ ಮೇಲೇ ಮಾಡಿದ್ದು. ಅಲ್ಲಿ ಬಂದಿದ್ದು ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಲ್ಲೂ ಹಾಗೇ ಬರುತ್ತೆ ಅಂತ ಯಾರೂ ಬರ್ಕೊಟ್ಟಿಲ್ಲ, ಅದಕ್ಕೇ ನಿಮ್ಮ ಸಣ್ಣ ಪ್ರಾಜೆಕ್ಟಿಗೂ ಬೆಲೆ ಇದೆ.

ನಮ್ಮ ಬಸ್ ಸ್ಟಾಪ್ ಪ್ರಾಜೆಕ್ಟಲ್ಲಿ ಜನ ಜಾಸ್ತಿ ಇದ್ದಾಗ ಕಮ್ಮಿ ಇದ್ದಾಗ ಏನೂ ವ್ಯತ್ಯಾಸ ಕಾಣ್ಲಿಲ್ಲ. ಹಾಗೇ ಬರೆದ್ವಿ. ವೈವಾದಲ್ಲಿ ಯಾಕೆ ಬರ್ಲಿಲ್ಲ ಅಂತ ಕೇಳಿದ್ರು, ನಾವು ಎರಡೂ ಟಿಕ್ ಹಾಳೆ, ಆ ಬದಲಾಯಿಸಿದ ಡೆಫಿನಿಶನ್ ಸಮೇತ, ಮೇಜಿನ ಮೇಲಿಟ್ಟು ಬೀಳಿಸಿದ್ದು ಪೇಪರ್, ಯಾರಿಗೂ ಪ್ರಾಣಾಪಾಯ ಇರ್ಲಿಲ್ಲ, ಮತ್ತೆ ಎಲ್ಲರ ಕಣ್ಣಿಗೂ ಕಾಣೋ ಹಾಗೆ ಬಿದ್ದಿತ್ತು ಅಂದ್ವಿ. ಎಕ್ಸ್‌ಟರ್ನಲ್ ಬಂದಿದ್ದ ಮೇಡಂ ಆ ಹಳೇ ಹಾಳೇನೇ ತುಂಬಾ ಹೊತ್ತು ತಿರುಗಿಸಿ ನೋಡಿದ್ರು. ನೀವೂ ಪೈಲಟ್ ಹಾಳೆ, ಚೀಟಿ, ಹೊಡೆದುಹಾಕಿದ ಪ್ರಶ್ನೆ ಯಾವುದನ್ನೂ ಎಸೀಬೇಡಿ, ಒಂದು ಫೈಲಲ್ಲಿ ತಾರೀಖು ಹಾಕಿ ಸೇರಿಸಿಡಿ.